ಕಲಾಶಾಲೆ, ಜಿಮ್, ಮ್ಯಾಟ್: ಗಡಿಯಾರದ ಬದಲು ಕೈಯನ್ನು ನೋಡಿ ಹಾಕಿಕೊಂಡ ವೇಳಾಪಟ್ಟಿ

ಚಿತ್ರಕಲೆಯ ಪದವಿ ಓದುತ್ತಲೇ ಬಾಕ್ಸಿಂಗ್ ಮತ್ತು ಜೂಡೋ ಎರಡನ್ನೂ ಬಿಡದೆ ಮುಂದುವರಿಸುವುದು ಆಗದ ಮಾತು ಎಂದು ನನಗೆ ಹೇಳದವರೇ ಇರಲಿಲ್ಲ. ರೇಖಾಚಿತ್ರ ಕಲಿಸುತ್ತಿದ್ದ ಅಧ್ಯಾಪಕರೊಬ್ಬರು ನನ್ನ ಬೆರಳ ಗೆಣ್ಣುಗಳನ್ನು ನೋಡಿ, ಈ ಕೈ ಎಚಿಂಗ್ ಸೂಜಿಗೆ, ಅಂದರೆ ಆಮ್ಲದಿಂದ ಕೊರೆದು ಮುದ್ರಿಸುವ ಲೋಹದ ತಗಡಿನ ಮೇಲೆ ಗೆರೆ ಎಳೆಯುವ ಸೂಜಿಗೆ, ಒಗ್ಗುವುದಿಲ್ಲ ಎಂದಿದ್ದರು. ತಡರಾತ್ರಿಯವರೆಗೆ ಸ್ಟುಡಿಯೋದಲ್ಲಿ ನಿಂತು ಬರುವವನ ಕಾಲಿನಲ್ಲಿ ಮೂರನೆಯ ಸುತ್ತಿಗೆ ಏನೂ ಉಳಿದಿರುವುದಿಲ್ಲ ಎಂಬುದು ಬಾಕ್ಸಿಂಗ್ ಕೋಚ್ ಅವರ ಖಚಿತ ಅಭಿಪ್ರಾಯವಾಗಿತ್ತು. ಈಗ ಪದವಿ ಮುಗಿದಿದೆ. ಅಂತಿಮ ಪ್ರದರ್ಶನದ ಕೃತಿಗಳೆಲ್ಲ ಹೊತ್ತಿಗೆ ಸರಿಯಾಗಿ ಗೋಡೆಗೇರಿದವು, ಅವುಗಳಲ್ಲಿ ಎಚಿಂಗ್‌ನ ಒಂದು ಮಾಲಿಕೆಯೂ ಇತ್ತು, ಅದೇ ವರ್ಷ ಹವ್ಯಾಸಿ ಬೌಟ್‌ಗಳಲ್ಲಿ (ಬಾಕ್ಸಿಂಗ್ ಪಂದ್ಯಗಳಲ್ಲಿ) ಸೋತಿದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಇದೇ ಹಾದಿಯಲ್ಲಿರುವ ಹಲವರು ಹೇಗೆ ಮಾಡಿದೆ ಎಂದು ಕೇಳುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸ್ಕ್ವಾಟ್ ಮಾಡುವುದು ಹೇಗೆ, ಕ್ಯಾನ್ವಾಸ್‌ಗೆ ಪ್ರೈಮರ್ ಬಳಿಯುವುದು ಹೇಗೆ ಎಂಬುದೆಲ್ಲ ಓದುವವರಿಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ.

ಎರಡನ್ನೂ ಮಾಡುವವರು ಸಾಮಾನ್ಯವಾಗಿ ದೂರುವುದು ಸಮಯ ಸಾಲದೆಂದು. ನನ್ನ ಅನುಭವದಲ್ಲಿ ಸಮಯ ಎರಡನೆಯ ತೊಂದರೆ. ಮೊದಲನೆಯದು ಕೈ. ವೈದ್ಯಕೀಯ ಓದುವವನೋ ಲೆಕ್ಕಶಾಸ್ತ್ರ ಓದುವವನೋ ಸಂಜೆ ಜೂಡೋ ಆಡಿ ಮರುದಿನ ಪುಸ್ತಕ ತೆರೆದರೆ ಅವನ ಕೈ ಹೇಗಿದ್ದರೂ ನಡೆಯುತ್ತದೆ. ನಮ್ಮಲ್ಲಿ ಮಾತ್ರ ಎರಡೂ ಕಡೆ ದುಡಿಯುವ ಸಲಕರಣೆ ಒಂದೇ. ಬೆರಳನ್ನು ಮಡಚುವ ಬಲವಾದ ಸ್ನಾಯುಗಳು ಇರುವುದು ಮುಂದೋಳಿನಲ್ಲಿ. ಎದುರಾಳಿಯ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಜಗ್ಗುವುದೂ ಅವೇ, ಪೆನ್ಸಿಲನ್ನು ಹದವಾಗಿ ಒತ್ತುವುದೂ ಅವೇ. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಬಾರಿ ಸಣ್ಣ ನಡುಕ ಇದ್ದೇ ಇರುತ್ತದೆ, ಸ್ನಾಯು ದಣಿದಾಗ ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಹೀಗಾಗಿ ದಿನದಲ್ಲಿ ಎಷ್ಟು ಗಂಟೆ ಉಳಿದಿದೆ ಎಂದು ಎಣಿಸುವ ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಆ ಗಂಟೆಗಳಲ್ಲಿ ಕೈ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಎಣಿಸದಿದ್ದರೆ ಅದು ನಿಲ್ಲುವುದಿಲ್ಲ.

ಇದು ನನಗೆ ಒಮ್ಮೆಲೇ ಹೊಳೆದದ್ದಲ್ಲ. ಮೊದಲ ವರ್ಷದಲ್ಲಿ ಎಲ್ಲರೂ ಸೂಚಿಸುವ ಕ್ರಮವನ್ನೇ ಹಿಡಿದೆ: ಬೆಳಗಿನ ಜಾವ ಎದ್ದು ಓಟ ಮತ್ತು ಪಂಚಿಂಗ್ ಬ್ಯಾಗ್, ಆಮೇಲೆ ಕಾಲೇಜು, ರಾತ್ರಿ ಸ್ಟುಡಿಯೋ. ಎರಡು ತಿಂಗಳಷ್ಟೂ ಅದು ಬಾಳಲಿಲ್ಲ. ನಿದ್ದೆ ಐದು ಗಂಟೆಗೆ ಇಳಿದದ್ದು ಒಂದು ಕಾರಣ. ಬೆಳಗ್ಗೆ ಬ್ಯಾಗ್ ಹೊಡೆದ ಕೈಯನ್ನೇ ನೇರವಾಗಿ ಲೈಫ್ ಡ್ರಾಯಿಂಗ್ (ಎದುರಿಗಿರುವ ಮಾಡೆಲ್‌ನ್ನು ನೋಡಿ ಬರೆಯುವ) ತರಗತಿಗೆ ಒಯ್ಯುತ್ತಿದ್ದದ್ದು ಅದಕ್ಕಿಂತ ದೊಡ್ಡ ಕಾರಣ. ನಂತರ ವಾರದ ದಿನಗಳನ್ನೆಲ್ಲ ಕಲೆಗೆ ಕೊಟ್ಟು ಅಭ್ಯಾಸವನ್ನು ವಾರಾಂತ್ಯದ ಎರಡು ದಿನಗಳಿಗೆ ತುಂಬುವ ಕ್ರಮ ಬಂತು. ಐದು ದಿನ ತಣ್ಣಗಿದ್ದ ದೇಹಕ್ಕೆ ಒಮ್ಮೆಲೇ ನಾಲ್ಕು ಗಂಟೆಯ ಹೊರೆ ಬಿದ್ದು ಮೀನಖಂಡ, ಹೆಗಲು, ಬೆರಳ ಕೀಲು ಹೀಗೆ ಪ್ರತಿ ತಿಂಗಳೂ ಏನಾದರೊಂದು ಉಳುಕುತ್ತಿತ್ತು, ಸೋಮವಾರದ ರೇಖೆಗಳು ಗುರುತೇ ಸಿಗದಷ್ಟು ಕೆಡುತ್ತಿದ್ದವು. ಕಾಲೇಜಿನ ಒಂದು ಅವಧಿಯನ್ನು (ಸೆಮಿಸ್ಟರ್) ಎಡಗೈಯಲ್ಲಿ ಚಿತ್ರ ಬರೆಯುವ ಪ್ರಯೋಗಕ್ಕೆ ಮೀಸಲಿಟ್ಟೆ. ದೊಡ್ಡ ಹಾಳೆಯಲ್ಲಿ ಇದ್ದಿಲಿನ ಕೆಲಸಕ್ಕೆ ಎಡಗೈ ಪರವಾಗಿಲ್ಲ, ಆದರೆ ಭಾವಚಿತ್ರದ ಕಣ್ಣುರೆಪ್ಪೆಯ ಅಂಚಿಗೆ ಅದು ವರ್ಷಗಟ್ಟಲೆ ಕಲಿಯಬೇಕು.

ತಿರುವು ಬಂದದ್ದು ಕೈಯನ್ನು ಅಳೆಯಲು ಶುರುಮಾಡಿದ ಮೇಲೆ. ಒಂದು ಅಗ್ಗದ ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಅಭ್ಯಾಸಕ್ಕೆ ಮೊದಲು, ಮುಗಿದ ತಕ್ಷಣ, ಮಲಗುವ ಮುನ್ನ ಮತ್ತು ಮರುದಿನ ಬೆಳಗ್ಗೆ, ಅಳತೆಪಟ್ಟಿಯಿಲ್ಲದೆ ಒಂದು ಗೇಣುದ್ದದ ಸಮಾನಾಂತರ ಗೆರೆಗಳನ್ನೂ ಒಂದರೊಳಗೊಂದು ಅಂಡಾಕೃತಿಗಳನ್ನೂ ಎಳೆಯುತ್ತ ಹೋದೆ. ಒಂದು ಅವಧಿ ಮುಗಿಯುವಷ್ಟರಲ್ಲಿ ಚಿತ್ರ ಸ್ಪಷ್ಟವಾಯಿತು. ಸ್ಕ್ವಾಟ್ ಮತ್ತು ಓಟದ ನಂತರ ಉಸಿರು ಹದಕ್ಕೆ ಬಂದರೆ ಸಾಕು, ಸುಮಾರು ಒಂದು ಗಂಟೆಯಲ್ಲಿ ರೇಖೆ ಮೊದಲಿನಂತಾಗುತ್ತದೆ. ಬ್ಯಾಗ್ ಮತ್ತು ಪ್ಯಾಡ್ ಕೆಲಸದ ನಂತರ ಮೂರು ನಾಲ್ಕು ಗಂಟೆ ಬೇಕು. ಡೆಡ್‌ಲಿಫ್ಟನ್ನು ಬರಿಗೈಯಲ್ಲಿ ಎತ್ತಿದರೆ ರಾತ್ರಿಯವರೆಗೂ ಕೈ ಸೆಟೆದಿರುತ್ತದೆ, ಸ್ಟ್ರ್ಯಾಪ್ ಕಟ್ಟಿ ಎತ್ತಿದರೆ ಸ್ಕ್ವಾಟ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಜೂಡೋದ ಅಂಗಿ ಹಿಡಿತ: ಒಂದು ಒಳ್ಳೆಯ ರಂಡೋರಿ (ಜೊತೆಗಾರರೊಂದಿಗೆ ಮುಕ್ತ ಸೆಣಸಾಟದ ಅಭ್ಯಾಸ) ಸಂಜೆಯ ನಂತರ ಹನ್ನೆರಡರಿಂದ ಹದಿನಾಲ್ಕು ಗಂಟೆ, ಕೆಲವೊಮ್ಮೆ ಪೂರ್ತಿ ಒಂದು ದಿನ, ತೆಳುರೇಖೆಯ ಕೆಲಸವನ್ನು ಮುಟ್ಟದಿರುವುದೇ ಲೇಸು. ಕೆಫೀನ್ ಬೆರೆಸಿದ ಪ್ರೀ-ವರ್ಕೌಟ್ ಪುಡಿಯ ಪಾಲೂ ಇದೇ ನೋಟ್‌ಬುಕ್‌ನಲ್ಲಿ ಕಂಡಿತು. ಕೆಫೀನಿನ ಅರ್ಧಭಾಗ ರಕ್ತದಿಂದ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ, ಕೈಯ ನಡುಕವನ್ನು ಅದು ಹೆಚ್ಚಿಸುತ್ತದೆ, ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. ಆ ಪುಡಿಯನ್ನು ಬಿಟ್ಟ ದಿನದಿಂದ ಹಣವೂ ಉಳಿಯಿತು.

ಈ ಅಳತೆಯ ಮೇಲೆ ನಿಂತ ವಾರ ಹೀಗಿದೆ. ಸೂಕ್ಷ್ಮ ಕೆಲಸವೆಲ್ಲ, ಅಂದರೆ ಎಚಿಂಗ್ ಸೂಜಿ, ಲೇಖನಿ ಮಸಿ, ಭಾವಚಿತ್ರದ ಕೊನೆಯ ಹಂತ, ಬೆಳಗಿನ ಮೊದಲ ಮೂರು ನಾಲ್ಕು ಗಂಟೆಗಳಿಗೆ. ಬಾಕ್ಸಿಂಗ್ ಮತ್ತು ತೂಕದ ಕೆಲಸ ಸಂಜೆಗೆ, ಏಕೆಂದರೆ ಅವುಗಳಿಂದ ಕೆಟ್ಟ ಕೈ ಬೆಳಗಾಗುವುದರೊಳಗೆ ಸರಿಯಾಗಿರುತ್ತದೆ. ಜೂಡೋ ವಾರಕ್ಕೆ ಎರಡೇ ಸಂಜೆ, ಅದೂ ಮರುದಿನ ಕಲಾ ಇತಿಹಾಸದ ತರಗತಿಯೋ, ದೊಡ್ಡ ಕ್ಯಾನ್ವಾಸ್ ಮೇಲೆ ಭುಜದಿಂದ ಕುಂಚ ಬೀಸುವ ಕೆಲಸವೋ ಇದ್ದರೆ ಮಾತ್ರ. ವಾರದ ವೇಳಾಪಟ್ಟಿ ಕೈಗೆ ಬಂದ ದಿನವೇ ಸಿದ್ಧಾಂತ ತರಗತಿಗಳು ಎಲ್ಲಿ ಬೀಳುತ್ತವೆ ಎಂದು ನೋಡಿ, ಅವುಗಳ ಹಿಂದಿನ ಸಂಜೆಗಳನ್ನು ಮ್ಯಾಟ್‌ಗೆ ಗುರುತು ಹಾಕಿಬಿಡುತ್ತಿದ್ದೆ. ಉಳಿದೆಲ್ಲವೂ ಆ ಎರಡು ಗುರುತುಗಳ ಸುತ್ತ ತಾನಾಗಿ ಕೂಡಿಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಪದರವಿದೆ, ಅದನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ಕಲಾಶಾಲೆಯ ಮಾಧ್ಯಮಗಳಲ್ಲಿ ಅರ್ಧದಷ್ಟು ಕೆಲಸ ಕಾಯುವುದೇ ಆಗಿದೆ. ಎಣ್ಣೆಬಣ್ಣದ ತೆಳುಪದರ ಮುಟ್ಟುವಷ್ಟು ಒಣಗಲು ಕೆಲವು ದಿನ ಬೇಕು. ಅಂಬರ್ ಎಂಬ ಕಂದು ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಬಹಳ ನಿಧಾನ. ಹಾಗಾಗಿ ಕೆಳಪದರವನ್ನು ಅಂಬರ್‌ನಲ್ಲಿ ಹಾಕಿ ಮುಗಿಸಿದ ದಿನವೇ ಅತಿ ಕಠಿಣ ಅಭ್ಯಾಸವನ್ನು ಇಟ್ಟುಕೊಂಡರೆ, ಕ್ಯಾನ್ವಾಸ್ ಒಣಗುವುದೂ ಸ್ನಾಯು ಚೇತರಿಸಿಕೊಳ್ಳುವುದೂ ಒಟ್ಟೊಟ್ಟಿಗೆ ನಡೆಯುತ್ತವೆ, ಎರಡು ದಿನದ ನಂತರ ಎರಡೂ ಒಟ್ಟಿಗೆ ಸಿದ್ಧವಾಗಿರುತ್ತವೆ. ನಿಧಾನ ಒಣಗುವ ಬಣ್ಣಗಳನ್ನು ಸ್ಪರ್ಧೆಯ ವಾರಕ್ಕೆ ಉಳಿಸುತ್ತಿದ್ದೆ. ಶಿಲ್ಪ ವಿಭಾಗದಲ್ಲಿ ಪ್ಲಾಸ್ಟರ್ ಗಟ್ಟಿಯಾಗಲು ಸುಮಾರು ಅರ್ಧ ಗಂಟೆ. ಅದರ ನಡುವೆ ನೆರಳಿನ ಬಾಕ್ಸಿಂಗ್‌ನ ನಾಲ್ಕೈದು ಸುತ್ತು ಆರಾಮವಾಗಿ ಕೂರುತ್ತವೆ. ಪ್ಲಾಸ್ಟರ್ ಚೀಲ ಹೊರುವುದು ಮತ್ತು ಜೇಡಿಮಣ್ಣು ನಾದುವುದು ಇದ್ದ ದಿನ ಆ ಕೆಲಸವನ್ನೇ ಜಿಮ್‌ನ ಲೆಕ್ಕಕ್ಕೆ ಬರೆದುಕೊಂಡು, ಸಂಜೆಯ ಎಳೆತದ ವ್ಯಾಯಾಮಗಳನ್ನು ಕೈಬಿಡುತ್ತಿದ್ದೆ. ಇದನ್ನು ಬಹುತೇಕ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಮೇಲೆ ಮೊಣಕೈ ನೋವು ಎಲ್ಲಿಂದ ಬಂತೆಂದು ಹುಡುಕುತ್ತಾರೆ.

ತೂಕದ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ವಾರಕ್ಕೆ ಎರಡು ಸಲ, ಐದು ಎತ್ತುಗಳ ಮೂರು ಸೆಟ್, ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್, ಒಂದು ತಳ್ಳುವ ವ್ಯಾಯಾಮ, ಒಂದು ಎಳೆಯುವ ವ್ಯಾಯಾಮ. ಪ್ರೋಟೀನ್ ದೇಹತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಆಸುಪಾಸು. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದ ರಾತ್ರಿಯ ಮರುದಿನ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಬಾಕ್ಸಿಂಗ್) ಇಲ್ಲ, ಈ ನಿಯಮವನ್ನು ಯಾರು ಏನೆಂದರೂ ಮುರಿಯಲಿಲ್ಲ.

ಮೌಲ್ಯಮಾಪನದ ವಾರಗಳಲ್ಲಿ ಹೆಚ್ಚಿನವರು ಅಭ್ಯಾಸವನ್ನು ಪೂರ್ತಿ ನಿಲ್ಲಿಸುತ್ತಾರೆ, ಮತ್ತೆ ಹಿಡಿಯುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ನಾನು ನಿಲ್ಲಿಸುವ ಬದಲು ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಬಾರ್ ಮೇಲಿನ ತೂಕವನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ: ಸೆಟ್ ಒಂದೇ, ಆದರೆ ಭಾರ ಕಡಿಮೆಯಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಜಿಮ್‌ನಿಂದ ಹೊರಬೀಳಬಹುದು, ಮೂರು ವಾರ ಕಳೆದರೂ ಬಲ ಕಾಣುವಷ್ಟು ಇಳಿಯುವುದಿಲ್ಲ. ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಹಗ್ಗದ ಜಿಗಿತದ ಕಠಿಣ ಸುತ್ತುಗಳನ್ನು ಉಳಿಸಿಕೊಂಡಿದ್ದೆ. ತೂಕ ಇಳಿಸುವುದನ್ನು ಮಾತ್ರ ಮೌಲ್ಯಮಾಪನದ ಹತ್ತಿರ ಎಂದೂ ಇಡಬಾರದು. ನೀರು ಕಡಿಮೆ ಮಾಡಿ ತೂಕ ಇಳಿಸಿದ ಒಂದು ವಾರದಲ್ಲಿ ಬಣ್ಣದ ಛಾಯೆಗಳನ್ನು ಬೇರ್ಪಡಿಸುವ ತಾಳ್ಮೆಯೇ ಉಳಿದಿರಲಿಲ್ಲ, ಆ ವಾರದ ಕ್ಯಾನ್ವಾಸನ್ನು ಪೂರ್ತಿ ಕೆರೆದು ಮತ್ತೆ ಬರೆಯಬೇಕಾಯಿತು. ಅಂದಿನಿಂದ ಒಂದು ತೂಕವರ್ಗ ಮೇಲಕ್ಕೆ ಹೋಗಿ ಆಡಿದೆ. ಎದುರಾಳಿಗಳು ಸ್ವಲ್ಪ ದೊಡ್ಡವರಾದರು, ನನ್ನ ಕಾಲು ಮಾತ್ರ ಕೊನೆಯ ಸುತ್ತಿನವರೆಗೂ ತಾಜಾ ಇತ್ತು.

ಇನ್ನು ಹಣದ ವಿಷಯ. ಎರಡೂ ಕಡೆ ಖರ್ಚು ನಿಲ್ಲುವುದಿಲ್ಲ: ಒಂದು ಕಡೆ ಬಣ್ಣ, ಕಾಗದ, ತಾಮ್ರದ ತಗಡು; ಇನ್ನೊಂದು ಕಡೆ ಶುಲ್ಕ, ಗ್ಲೌಸ್, ಮೌತ್‌ಗಾರ್ಡ್. ಮೊದಲ ವರ್ಷ ನನ್ನ ಕೈಗೆ ಬರುತ್ತಿದ್ದ ಹಣದಲ್ಲಿ ಬಾಡಿಗೆ, ಊಟ ಕಳೆದು ಉಳಿದದ್ದರ ಮುಕ್ಕಾಲು ಪಾಲು ಈ ಎರಡಕ್ಕೇ ಹೋಗಿ, ಪ್ರಯಾಣಕ್ಕೂ ಸಾಲ ಕೇಳುವ ಸ್ಥಿತಿ ಇತ್ತು. ಉಳಿತಾಯ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದನ್ನು ಹಣ ತೆತ್ತೇ ಕಲಿತದ್ದು. ಗ್ಲೌಸ್‌ನಲ್ಲಿ ಮಾಡಬಾರದು. ಅಗ್ಗದ ಜೋಡಿಯ ಮೆತ್ತೆ ಒಂದೇ ಅವಧಿಯಲ್ಲಿ ಕುಸಿದು ಗೆಣ್ಣು ನೇರವಾಗಿ ಬ್ಯಾಗಿಗೆ ತಾಗತೊಡಗಿತು. ದುಬಾರಿ ಜೋಡಿ ಎರಡೂವರೆ ಪಟ್ಟು ಬೆಲೆಯದಾದರೂ ಮೂರು ವರ್ಷ ಬಂತು. ನಾನು ಬ್ಯಾಗಿಗೂ 16 ಔನ್ಸಿನದನ್ನೇ ಹಾಕುತ್ತೇನೆ, ಹ್ಯಾಂಡ್‌ರ್ಯಾಪ್ ನಾಲ್ಕೂವರೆ ಮೀಟರಿಗಿಂತ ಕಡಿಮೆಯದನ್ನು ಮುಟ್ಟುವುದಿಲ್ಲ. ಕಿರುಬೆರಳಿನ ಬುಡದಲ್ಲಿರುವ ಅಂಗೈ ಮೂಳೆಯ ಕುತ್ತಿಗೆ ಮುರಿಯುವುದು ಬಾಕ್ಸರ್‌ಗಳ ಹೆಸರನ್ನೇ ಹೊತ್ತಿರುವ ಗಾಯ, ಅದಾದರೆ ಚಿತ್ರಕಾರನ ಒಂದು ಅವಧಿಯೇ ಹೋದಂತೆ. ರ್ಯಾಪನ್ನು ಆ ಗೆಣ್ಣಿನ ಸುತ್ತ ತರುವುದಕ್ಕೆ ನನ್ನದೇ ಆದ ಒಂದು ಸುತ್ತು ಇದೆ. ಅದನ್ನು ನನ್ನ ಜೊತೆ ಅಭ್ಯಾಸ ಮಾಡುವವರಿಗೆ ಮಾತ್ರ ತೋರಿಸಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಬಣ್ಣದಲ್ಲಿ ಉಳಿಸಬಹುದು. ಕಲಾವಿದರ ದರ್ಜೆಯ ಬಣ್ಣಗಳ ಬೆಲೆ ವರ್ಣದ್ರವ್ಯದ ಶ್ರೇಣಿಯನ್ನು ಅನುಸರಿಸುತ್ತದೆ. ಓಕರ್, ಅಂಬರ್, ಸಿಯೆನ್ನಾದಂಥ ಮಣ್ಣಿನ ಬಣ್ಣಗಳು ಕೆಳಗಿನ ಶ್ರೇಣಿ, ಕ್ಯಾಡ್ಮಿಯಂ ಮತ್ತು ಕೋಬಾಲ್ಟ್ ಮೇಲಿನವು. ಸೆಣಸಾಡುವ ದೇಹಗಳನ್ನೇ ವಿಷಯವಾಗಿ ಆರಿಸಿಕೊಂಡ ಮೇಲೆ ನನ್ನ ಪ್ಯಾಲೆಟ್ ಬಹುತೇಕ ಮಣ್ಣಿನ ಬಣ್ಣಗಳಿಗೆ ಇಳಿಯಿತು, ಬಣ್ಣದ ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ಎಲ್ಲಕ್ಕಿಂತ ದೊಡ್ಡ ಉಳಿತಾಯ ಶುಲ್ಕದಲ್ಲಿ ಆದದ್ದು: ಜಿಮ್‌ನ ಉದ್ದ ಗೋಡೆಯ ಮೇಲೆ ಚಿತ್ರ ಬರೆದುಕೊಡುತ್ತೇನೆ, ಸ್ಪರ್ಧೆಗಳ ಪೋಸ್ಟರ್ ಮಾಡುತ್ತೇನೆ, ಬದಲಿಗೆ ಒಂದು ವರ್ಷ ಶುಲ್ಕ ಬೇಡ ಎಂದು ಕೇಳಿದೆ, ಒಪ್ಪಿದರು. ಗೋಡೆಯ ಕೆಲಸಕ್ಕೆ ಸುಮಾರು ಒಂದು ತಿಂಗಳ ಸಂಜೆಗಳು ಹಿಡಿದವು. ಅದನ್ನು ಕಾಲೇಜಿನ ಭಿತ್ತಿಚಿತ್ರದ ಪಠ್ಯವಿಷಯಕ್ಕೂ ಯೋಜನೆಯಾಗಿ ಒಪ್ಪಿಸಿದ್ದರಿಂದ ಒಂದೇ ದುಡಿಮೆಗೆ ಶುಲ್ಕವೂ ಅಂಕವೂ ಬಂದವು. ಈ ಒಪ್ಪಂದವನ್ನು ಕೇಳಲು ಸಂಕೋಚಪಡುವವರಿಗೆ ನಾನು ಹೇಳುವುದಿಷ್ಟೇ: ಬರಿಗೋಡೆ ಇಲ್ಲದ ಜಿಮ್ ಅಪರೂಪ.

ಚರ್ಮದ ವಿಷಯವನ್ನು ನಮ್ಮವರು ತೀರ ಹಗುರವಾಗಿ ಕಾಣುತ್ತಾರೆ. ಮ್ಯಾಟ್ ಮೇಲೆ ತರಚಿದ ಬೆರಳಿನಿಂದ ಮರುದಿನ ಟರ್ಪೆಂಟೈನ್ ಚಿಂದಿಯನ್ನು ಹಿಂಡುವುದು, ಕ್ಯಾಡ್ಮಿಯಂ ಬಣ್ಣವನ್ನು ಬೆರಳಲ್ಲೇ ತೀಡುವುದು, ಒದ್ದೆ ಪ್ಲಾಸ್ಟರ್‌ನಲ್ಲಿ ಕೈಯಾಡಿಸುವುದು, ಇವೆಲ್ಲ ಒಡೆದ ಚರ್ಮಕ್ಕೆ ಹಾನಿ. ಹಾಗೆಯೇ ದ್ರಾವಕದಿಂದ ಒಣಗಿ ಬಿರಿದ ಕೈಯನ್ನು ಮ್ಯಾಟ್‌ಗೆ ಒಯ್ದರೆ ಹುಳುಕಡ್ಡಿಗೂ ಬ್ಯಾಕ್ಟೀರಿಯಾ ಸೋಂಕಿಗೂ ಬಾಗಿಲು ತೆರೆದಂತೆ. ಸ್ಟುಡಿಯೋದಲ್ಲಿ ನೈಟ್ರೈಲ್ ಗ್ಲೌಸ್, ಕುಂಚ ತೊಳೆಯಲು ದ್ರಾವಕದ ಬದಲು ಎಣ್ಣೆ ಮತ್ತು ಸೋಪು, ಅಭ್ಯಾಸ ಮುಗಿದ ಕೂಡಲೇ ಸ್ನಾನ: ಇಷ್ಟನ್ನು ಹಿಡಿದ ಮೇಲೆ ಚರ್ಮದ ಕಾಯಿಲೆಗೆಂದು ಒಂದು ದಿನವನ್ನೂ ಕಳೆದುಕೊಳ್ಳಲಿಲ್ಲ. ಟರ್ಪೆಂಟೈನ್ ವಾಸನೆಯ ಕೋಣೆಯಲ್ಲಿ ಇಡೀ ಮಧ್ಯಾಹ್ನ ಕಳೆದು ಸಂಜೆ ಓಡಲು ಹೋದರೆ ತಲೆ ಭಾರವಾಗುತ್ತದೆ. ಕಿಟಕಿ ತೆರೆಯದ ಸ್ಟುಡಿಯೋದಲ್ಲಿ ಕೆಲಸ ಮಾಡಬೇಕಾಗಿ ಬಂದ ದಿನ ಅಭ್ಯಾಸವನ್ನು ಹಗುರ ಮಾಡಿಕೊಳ್ಳುವುದು ಉತ್ತಮ.

ತಲೆಗೆ ಬೀಳುವ ಹೊಡೆತ ಬೇರೆಯದೇ ಮಾತು. ಕಣ್ಣು ಮತ್ತು ಮೆದುಳು ನಮ್ಮ ಬಂಡವಾಳ. ತಾಂತ್ರಿಕ ಸ್ಪಾರಿಂಗ್ ವಾರಕ್ಕೊಮ್ಮೆ, ಜೋರಾದದ್ದು ಬೌಟ್‌ಗೆ ಮೊದಲಿನ ಕೆಲವೇ ವಾರಗಳಲ್ಲಿ, ಮೌಲ್ಯಮಾಪನಕ್ಕೆ ಹದಿನೈದು ದಿನ ಇರುವಾಗಿನಿಂದ ತಲೆಗೆ ಹೊಡೆತವೇ ಇಲ್ಲ. ಹೊಡೆತದ ನಂತರ ತಲೆನೋವು, ವಾಕರಿಕೆ ಅಥವಾ ಬೆಳಕು ಸಹಿಸಲಾಗದಿರುವುದು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಿತು. ವೈದ್ಯರನ್ನು ಕಂಡು, ಆಮೇಲೆ ಹಂತಕ್ಕೆ ಕನಿಷ್ಠ ಒಂದು ದಿನದಂತೆ ಮೆಲ್ಲನೆ ಮರಳುವುದೇ ದಾರಿ. ಈ ವಿಷಯದಲ್ಲಿ ಕೋಚ್ ಜೊತೆ ವಾದವಾಗಿದೆ, ನಾನು ಬಗ್ಗಲಿಲ್ಲ.

ನಡುನಡುವೆ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. ನಾನು ಬಲಗೈಯವನು. ಸಾಮಾನ್ಯ ನಿಲುವಿನಲ್ಲಿ ಬಲಗೈ ಹಿಂದಿದ್ದು, ಅತಿ ಜೋರಾದ ಹೊಡೆತಗಳೆಲ್ಲ ಚಿತ್ರ ಬರೆಯುವ ಕೈಗೇ ಬೀಳುತ್ತವೆ. ಅದಕ್ಕಾಗಿ ಬ್ಯಾಗ್ ಕೆಲಸವನ್ನಷ್ಟೇ ಬಲಗೈ ಮುಂದಿರುವ ಸೌತ್‌ಪಾ ನಿಲುವಿಗೆ ಬದಲಿಸಿ ನೋಡಿದೆ. ಬಲಗೈಯ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಅನಿರೀಕ್ಷಿತವಾಗಿ ಚುರುಕಾಯಿತು, ರೇಖೆಯ ಪುಸ್ತಕದಲ್ಲಿ ಚೇತರಿಕೆಯ ಸಮಯ ಮೂರು ನಾಲ್ಕು ಗಂಟೆಯಿಂದ ಎರಡಕ್ಕೆ ಇಳಿಯಿತು. ಸ್ಪಾರಿಂಗ್‌ನಲ್ಲಿ ಆ ನಿಲುವು ನನ್ನ ರಕ್ಷಣೆಯನ್ನು ನಿಧಾನಗೊಳಿಸಿದ್ದರಿಂದ ಅಲ್ಲಿಗೆ ತರಲಿಲ್ಲ, ಬ್ಯಾಗಿಗೆ ಇಂದಿಗೂ ಅದೇ. ಎರಡನೆಯದು ಬಾಕ್ಸಿಂಗ್ ಟೈಮರನ್ನು ಸ್ಟುಡಿಯೋಗೆ ಒಯ್ದದ್ದು: ಮೂರು ನಿಮಿಷ ಬರೆಯುವುದು, ಒಂದು ನಿಮಿಷ ಇದ್ದಿಲು ಕೆಳಗಿಟ್ಟು ದೂರ ಸರಿದು ನೋಡುವುದು. ಆ ಒಂದು ನಿಮಿಷದಲ್ಲಿ ಅಳತೆಯ ದೋಷಗಳು ತಾವಾಗಿ ಕಾಣುತ್ತವೆ. ತರಗತಿಯ ಇನ್ನೂ ಕೆಲವರು ಅದನ್ನು ಹಿಡಿದರು. ಆದರೆ ಎಣ್ಣೆಬಣ್ಣಕ್ಕೆ ಅದು ಹೊಂದಲಿಲ್ಲ, ಗಂಟೆ ಬಾರಿಸಿದಾಗ ಅರ್ಧ ಬೆರೆತ ಬಣ್ಣ ಕೈಯಲ್ಲಿರುತ್ತದೆ.

ಕಲೆಗೆ ಈ ಅಭ್ಯಾಸದಿಂದ ಏನು ಬಂತು ಎಂದು ಕೇಳುವವರಿಗೆ ನನ್ನ ಪೋರ್ಟ್‌ಫೋಲಿಯೊ ಉತ್ತರ. ಸ್ಪಾರಿಂಗ್ ಇಲ್ಲದ ದಿನ ರಿಂಗಿನ ಮೂಲೆಯಲ್ಲಿ ನಿಂತು ಮೂವತ್ತು ಸೆಕೆಂಡಿನ ಸ್ಕೆಚ್‌ಗಳನ್ನು ಮಾಡುತ್ತ ಹೋದಾಗ, ಭಂಗಿ ಕೊಟ್ಟು ಕುಳಿತ ಮಾಡೆಲ್‌ನಲ್ಲಿ ಎಂದೂ ಕಾಣದಿದ್ದ ಸಂಗತಿಗಳು ಕಂಡವು: ಹೊಡೆತಕ್ಕೆ ಮೊದಲು ಹಿಮ್ಮಡಿ ಏಳುವುದು, ಪಕ್ಕೆಲುಬಿನ ಮೇಲೆ ಹಲ್ಲುಹಲ್ಲಾಗಿ ಎದ್ದು ಕಾಣುವ ಸೆರೇಟಸ್ ಸ್ನಾಯು, ದಣಿದವನ ತಲೆ ಭುಜಗಳ ನಡುವೆ ಇಳಿಯುವ ರೀತಿ. ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಚಲನೆಯ ಛಾಯಾಚಿತ್ರಗಳಲ್ಲಿ ಬಾಕ್ಸರ್‌ಗಳೂ ಕುಸ್ತಿಪಟುಗಳೂ ಇದ್ದಾರೆ. ಅವುಗಳನ್ನು ಎದುರಿಗಿಟ್ಟು ಅದೇ ಚಲನೆಯನ್ನು ನಾನೇ ಮಾಡಿ, ನಂತರ ಬರೆದೆ. ರೋಮ್‌ನಲ್ಲಿ 1885ರಲ್ಲಿ ದೊರೆತ ಕುಳಿತ ಬಾಕ್ಸರ್‌ನ ಕಂಚಿನ ವಿಗ್ರಹದ ಚಿತ್ರಗಳನ್ನು ತಿಂಗಳುಗಟ್ಟಲೆ ನಕಲು ಮಾಡಿದ್ದೇನೆ. ಊದಿ ಮುದುಡಿದ ಕಿವಿ, ಗಾಯಗಳಿಗೆ ಕೂಡಿಸಿದ ಕೆಂಪು ತಾಮ್ರ, ಚರ್ಮದ ಪಟ್ಟಿ ಸುತ್ತಿದ ಕೈಗಳು, ಇವನ್ನು ಮಾಡಿದ ಶಿಲ್ಪಿ ಸೆಣಸಾಟವನ್ನು ಬಹಳ ಹತ್ತಿರದಿಂದ ಕಂಡವನೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಗಂಭೀರ ಕಲಾವಿದರು ಮ್ಯಾಟ್ ಮೇಲೆ ಹೊತ್ತು ಕಳೆಯುವುದಿಲ್ಲ ಎಂದ ಅಧ್ಯಾಪಕರಿಗೆ, ಫ್ರೆಂಚ್ ಕಲಾವಿದ ಈವ್ ಕ್ಲೈನ್ 1953ರಲ್ಲಿ ಟೋಕಿಯೋದಲ್ಲಿರುವ ಜೂಡೋದ ಮೂಲ ಶಾಲೆ ಕೊಡೊಕಾನ್‌ನಲ್ಲಿ ನಾಲ್ಕನೆಯ ಡ್ಯಾನ್ (ಕಪ್ಪು ಬೆಲ್ಟಿನ ದರ್ಜೆ) ಪಡೆದಿದ್ದನ್ನು ನೆನಪಿಸಿದೆ. ಅಂತಿಮ ಮೌಲ್ಯಮಾಪನದಲ್ಲಿ ಅದೇ ಅಧ್ಯಾಪಕರು ಎಚಿಂಗ್ ಮಾಲಿಕೆಯ ಎದುರು ಬಹಳ ಹೊತ್ತು ನಿಂತು, ಒಂದು ಮುದ್ರಣವನ್ನು ತಮಗಾಗಿ ಕೇಳಿ ಪಡೆದರು. ಆ ಮಾಲಿಕೆಯ ಗೆರೆಗಳನ್ನು ಯಾವ ಕ್ರಮದಲ್ಲಿ ಆಮ್ಲಕ್ಕೆ ಬಿಟ್ಟೆ ಎಂಬುದನ್ನು ಅವರಿಗೂ ಹೇಳಿಲ್ಲ.

ಸದ್ಯ ಲಿಥೋಗ್ರಫಿಗೆ (ಕಲ್ಲಚ್ಚಿನ ಮುದ್ರಣಕ್ಕೆ) ಇಳಿದಿದ್ದೇನೆ, ಅಲ್ಲಿ ಈ ಕ್ರಮವನ್ನು ಮತ್ತೆ ಹೊಂದಿಸಬೇಕಾಗಿ ಬಂದಿದೆ. ಕಲ್ಲಿನ ಮೇಲಿನ ಹಳೆಯ ಚಿತ್ರವನ್ನು ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ, ಒರಟು ಪುಡಿಯಿಂದ ನಯವಾದ ಪುಡಿಯವರೆಗೆ ಹಂತಹಂತವಾಗಿ ಉಜ್ಜಿ ತೆಗೆಯಬೇಕು. ಅದು ಭುಜಕ್ಕೂ ಮುಂದೋಳಿಗೂ ಒಂದು ಪೂರ್ತಿ ವ್ಯಾಯಾಮ, ನಂತರ ಅದೇ ಕಲ್ಲಿನ ಮೇಲೆ ಕ್ರೇಯಾನ್‌ನಿಂದ ಅತಿ ಸೂಕ್ಷ್ಮವಾದ ಛಾಯೆ ಹಾಕಬೇಕು. ಉಜ್ಜುವುದನ್ನು ಸಂಜೆಗೆ ತಳ್ಳಿ, ಆ ದಿನದ ಎಳೆತದ ವ್ಯಾಯಾಮವನ್ನು ಪೂರ್ತಿ ಬಿಟ್ಟು, ಬರೆಯುವುದನ್ನು ಮರುದಿನ ಬೆಳಗ್ಗೆಗೆ ಇಟ್ಟುಕೊಂಡಿದ್ದೇನೆ. ಚಿಕ್ಕ ಕಲ್ಲುಗಳ ಮಟ್ಟಿಗೆ ಇದು ಚೆನ್ನಾಗಿ ನಡೆಯುತ್ತಿದೆ. ದೊಡ್ಡ ಕಲ್ಲು ಉಜ್ಜಿದ ಮರುದಿನ ರೇಖೆಯ ಪುಸ್ತಕದಲ್ಲಿ ಇನ್ನೂ ಸ್ವಲ್ಪ ನಡುಕ ಉಳಿದಿರುತ್ತದೆ. ಹಾಗಾಗಿ ಮುಂದಿನ ತಿಂಗಳು ದೊಡ್ಡ ಕಲ್ಲನ್ನು ಎರಡು ಸಂಜೆಗಳಿಗೆ ಹಂಚಿ ಉಜ್ಜಿ ನೋಡುವವನಿದ್ದೇನೆ.